ಏಳು ಮನೆಯ ಅನ್ನ, ಒಬ್ಬ ಹುಡುಗನ ಓದು

ಪರಊರಿನಲ್ಲಿ ಓದುವ ಬಡ ಹುಡುಗನಿಗೆ ಏಳು ಮನೆಯವರು ವಾರಕ್ಕೊಂದು ದಿನದಂತೆ ಊಟ ಹಾಕುತ್ತಿದ್ದ ಏರ್ಪಾಡೇ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಬುಧವಾರ ಮೇಷ್ಟರ ಮನೆ. ಹೀಗೆ ಏಳೂ ದಿನ ತುಂಬಿಕೊಂಡರೆ ಹುಡುಗನ ವರ್ಷದ ಓದಿಗೆ ದಾರಿಯಾಯಿತು ಎಂದೇ ಲೆಕ್ಕ. ಇಪ್ಪತ್ತನೇ ಶತಮಾನದ ಮಧ್ಯಭಾಗದವರೆಗೂ ಹಳೇ ಮೈಸೂರಿನ ಊರುಗಳಲ್ಲಿ ಇದು ಸಾಮಾನ್ಯವಾಗಿತ್ತು. ಪರದೇಶಕ್ಕೆ ಓದಲು ಹೋದವರು ಇಂದು ಆತಿಥೇಯ ಕುಟುಂಬವೊಂದರ ಜೊತೆ ಇರುವ ಪದ್ಧತಿಗೆ ಕನ್ನಡ ನಾಡಿನಲ್ಲಿ ತೀರ ಹತ್ತಿರವಾದದ್ದು ಇದೇ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹುಡುಗರಿಗೆ ಊರು ಬಿಡುವುದು ಅನಿವಾರ್ಯವಾಗಿತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ನೆಲವಿದು. ಬರ ಬಂದರೆ ಮನೆಯ ಕಣಜದ ಜೊತೆಗೆ ಮಕ್ಕಳ ಓದೂ ಬರಿದಾಗುತ್ತಿತ್ತು. ಹಳ್ಳಿಯ ಶಾಲೆ ಕೆಲವೇ ತರಗತಿಗಳಿಗೆ ಮುಗಿಯುತ್ತಿತ್ತು. ಆಮೇಲೆ ಹೈಸ್ಕೂಲಿಗೆ ಚಿತ್ರದುರ್ಗ, ಕಾಲೇಜಿಗೆ ಬೆಂಗಳೂರು ಇಲ್ಲವೇ ಮೈಸೂರು. ಬಾಡಿಗೆಗೂ ಹೋಟೆಲಿಗೂ ಕೊಡಲು ಕಾಸಿಲ್ಲದವನಿಗೆ ಮಲಗಲು ದೇವಸ್ಥಾನದ ಪೌಳಿ, ಛತ್ರ ಅಥವಾ ಯಾರದೋ ಮನೆಯ ಜಗುಲಿ, ಉಣ್ಣಲು ವಾರಾನ್ನ.

ಮೊದಲ ಕೆಲಸ ‘ವಾರ ಹಿಡಿಯುವುದು’. ಊರಿನ ಹಿರಿಯರೊಬ್ಬರು ಜೊತೆಗೆ ಬಂದು ಪರಿಚಯ ಹೇಳಿದರೆ ಸುಲಭ. ಇಲ್ಲವಾದರೆ ಹುಡುಗನೇ ಬಾಗಿಲು ಬಾಗಿಲಿಗೆ ನಿಂತು, ತನ್ನ ಊರು, ತಂದೆಯ ಹೆಸರು, ಗೋತ್ರ ಹೇಳಿ ಕೇಳಿಕೊಳ್ಳಬೇಕು. ಕೆಲವರ ಮನೆಯಲ್ಲಿ ಆ ದಿನಕ್ಕೆ ಬೇರೊಬ್ಬ ಹುಡುಗ ಬರುತ್ತಿರುತ್ತಾನೆ. ಕೆಲವರು ರಾತ್ರಿಯ ಊಟವನ್ನಷ್ಟೇ ಒಪ್ಪುತ್ತಾರೆ. ಏಳು ಮನೆ ಒಂದೇ ಸಲಕ್ಕೆ ಸಿಗುವುದು ಅಪರೂಪ. ನಾಲ್ಕೋ ಐದೋ ಸಿಕ್ಕಿ, ಉಳಿದ ದಿನಗಳು ಖಾಲಿ ಬಿದ್ದಿರುತ್ತಿದ್ದವು. ಆ ಖಾಲಿ ದಿನಗಳಲ್ಲಿ ಕಡಲೆಪುರಿ, ಬಾಳೆಹಣ್ಣು, ಅದೂ ಇಲ್ಲದಿದ್ದರೆ ನೀರು.

ಮನೆ ಸಿಕ್ಕ ಮೇಲೆ ಅದರ ರೀತಿನೀತಿ ಕಲಿಯಬೇಕು. ಒಂದು ಮನೆಯಲ್ಲಿ ಮಡಿ ಕಟ್ಟುನಿಟ್ಟು, ಸ್ನಾನ ಸಂಧ್ಯಾವಂದನೆ ಮುಗಿಸಿಯೇ ಒಳಗೆ ಬರಬೇಕು. ಇನ್ನೊಂದರಲ್ಲಿ ಯಜಮಾನರ ಪೂಜೆ ಮುಗಿಯುವವರೆಗೆ ಯಾರಿಗೂ ಎಲೆ ಹಾಕುವುದಿಲ್ಲ, ಅತ್ತ ಶಾಲೆಯ ಗಂಟೆ ಹೊಡೆದೇಬಿಡುತ್ತದೆ. ಉಂಡ ಎಲೆ ತೆಗೆದು ನೆಲ ಸಾರಿಸುವುದು, ಬಾವಿಯಿಂದ ನೀರು ಸೇದಿ ಹಾಕುವುದು, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಯಾರೂ ಹೇಳದೆಯೇ ಹುಡುಗನ ಪಾಲಿಗೆ ಬರುತ್ತಿದ್ದವು. ಪಂಚಾಂಗವೂ ಅವನಿಗೆ ಬಾಯಿಪಾಠವಾಗಬೇಕಿತ್ತು. ಮಾಧ್ವರ ಮನೆಯ ದಿನ ಏಕಾದಶಿ ಬಂದರೆ ಅಲ್ಲಿ ಒಲೆಯೇ ಹೊತ್ತುವುದಿಲ್ಲ. ಶ್ರಾದ್ಧವಿದ್ದರೆ ಊಟ ಮಧ್ಯಾಹ್ನ ಇಳಿದ ಮೇಲೆ. ಸೂತಕವಾದರೆ ಆ ಮನೆ ಹತ್ತು ದಿನ ಇಲ್ಲ. ಪುಸ್ತಕ ಹಿಡಿಯುವ ಮೊದಲೇ ಹುಡುಗ ಇಷ್ಟನ್ನೂ ಕಲಿತಿರಬೇಕಿತ್ತು.

ಆಂಧ್ರದ ರಾಯದುರ್ಗಕ್ಕೆ ಅಂಟಿಕೊಂಡ ಮೊಳಕಾಲ್ಮೂರಿನ ಕಡೆಯ ಅನೇಕ ಮನೆಗಳಲ್ಲಿ ಮಾತು ತೆಲುಗು. ಅಲ್ಲಿಂದ ಮೈಸೂರಿಗೆ ಹೋದವನಿಗೆ ಅಲ್ಲಿನ ಕನ್ನಡದ ಧಾಟಿಯೇ ಹೊಸದು. ಮುದ್ದೆ, ರೊಟ್ಟಿ ಉಂಡು ಬೆಳೆದವನಿಗೆ ದಿನವೂ ಅನ್ನ ಸಾರು. ಇನ್ನಷ್ಟು ಬೇಕು ಎನ್ನಲು ಸಂಕೋಚ, ಅರೆಹೊಟ್ಟೆಯಲ್ಲಿ ಏಳುವುದು ರೂಢಿ. ಇದನ್ನು ಕಂಡುಕೊಂಡು, ಕೇಳದೆಯೇ ಎರಡನೇ ಸಲ ಬಡಿಸುತ್ತಿದ್ದವರು ಮನೆಯ ಹೆಂಗಸರು. ವಾರಾನ್ನ ಕೊಟ್ಟವರೆಂದು ಊರು ಹೇಳುವುದು ಯಜಮಾನರ ಹೆಸರನ್ನು. ಆದರೆ ಹೊಗೆ ತುಂಬಿದ ಅಡುಗೆಮನೆಯಲ್ಲಿ ಇನ್ನೊಂದು ಹೊಟ್ಟೆಗೂ ಅಳತೆ ಸೇರಿಸಿ ಬೇಯಿಸಿದ ಆ ತಾಯಂದಿರೇ ಈ ವ್ಯವಸ್ಥೆಯ ನಿಜವಾದ ಆಧಾರ.

ಊಟದ ಬದಲು ವಾಸಕ್ಕೆ ಮನೆ ಕೊಡುವ ಇನ್ನೊಂದು ರೀತಿಯೂ ಇತ್ತು. 1881ರಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಆ ಮನೆಯಲ್ಲೇ ಉಳಿದು, ಊಟಕ್ಕೆ ಸೋದರಮಾವನ ಮನೆಗೆ ನಡೆದು ಹೋಗುತ್ತಿದ್ದರು. ಇನ್ನೂ ಹಿಂದಿನ ಕಾಲದಲ್ಲಿ ವಾಸವೂ ಊಟವೂ ಗುರುವಿನ ಬಳಿಯೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದ ಅಶೋಕನ ಶಾಸನ, ತಂದೆತಾಯಿಗೆ ವಿಧೇಯನಾಗಿರಬೇಕು ಎಂಬುದರ ಜೊತೆಗೆ ಅಂತೇವಾಸಿ, ಅಂದರೆ ಗುರುವಿನ ಬಳಿಯೇ ಇದ್ದು ಕಲಿಯುವವನು, ಆಚಾರ್ಯನನ್ನು ಗೌರವಿಸಬೇಕು ಎಂದೂ ವಿಧಿಸುತ್ತದೆ. ಮನೆ ಬಿಟ್ಟು ಬಂದ ವಿದ್ಯಾರ್ಥಿಯ ನಡತೆಗೆ ಈ ನೆಲದಲ್ಲಿ ಕಲ್ಲಿನ ಮೇಲೆ ಬರೆದ ನಿಯಮ ಎರಡು ಸಾವಿರ ವರ್ಷಕ್ಕೂ ಹಳೆಯದು.

ಗುರುಶಿಷ್ಯರ ಆ ನಂಟಿಗೆ ಆಧುನಿಕ ಕಾಲದ ದೊಡ್ಡ ಉದಾಹರಣೆಯನ್ನು ಕೊಟ್ಟದ್ದೂ ಇದೇ ಸೀಮೆ. ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ 1885ರಲ್ಲಿ ಹುಟ್ಟಿದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿ, ಶಿಷ್ಯವಾತ್ಸಲ್ಯಕ್ಕೆ ಹೆಸರಾದರು. ಶಿಷ್ಯರಾದ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಅವರಿಗೇ.

ಪರಊರಿನ ವಿದ್ಯಾರ್ಥಿಗೆ ಮನೆಯ ಆಸರೆ ಕೊಡುವ ಏರ್ಪಾಡು ಪಾಶ್ಚಾತ್ಯರಲ್ಲಿ ಸಂಘಟಿತ ರೂಪ ಪಡೆದದ್ದು ತೀರ ಈಚೆಗೆ. ಅಮೆರಿಕದ ಡೊನಾಲ್ಡ್ ವಾಟ್ 1932ರಲ್ಲಿ ವಿದ್ಯಾರ್ಥಿಗಳನ್ನು ಪರದೇಶಕ್ಕೆ ಒಯ್ಯುವ ಕಾರ್ಯಕ್ರಮ ಆರಂಭಿಸಿದರು. ಎರಡನೇ ಮಹಾಯುದ್ಧದ ನಂತರ ಎಎಫ್‌ಎಸ್ ಸಂಸ್ಥೆ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಬೇರೆ ದೇಶದ ಮನೆಗಳಲ್ಲಿ ಇರಿಸತೊಡಗಿತು. ಅಲ್ಲಿ ಮನೆಯನ್ನು ಸಂಸ್ಥೆಯೇ ಹುಡುಕಿಕೊಡುತ್ತದೆ, ಹೊರಡುವ ಮೊದಲೇ ತಿಳಿವಳಿಕೆ ಶಿಬಿರ ನಡೆಸುತ್ತದೆ, ಹೊಂದಿಕೆಯಾಗದಿದ್ದರೆ ಮನೆ ಬದಲಿಸಲೂ ಅವಕಾಶವಿದೆ. ವಾರಾನ್ನದ ಹುಡುಗನಿಗೆ ಇದಾವುದೂ ಇರಲಿಲ್ಲ. ಒಂದು ಮನೆಯವರಿಗೆ ಬೇಸರವಾದರೆ ಆ ವಾರ ತಪ್ಪಿಹೋಯಿತು, ಅಷ್ಟೇ.

ವಾರಾನ್ನದ ದೊಡ್ಡ ಕೊರತೆ ಜಾತಿ. ಆ ಬಾಗಿಲು ತೆರೆದುಕೊಳ್ಳುತ್ತಿದ್ದುದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ. ಚಳ್ಳಕೆರೆ, ಮೊಳಕಾಲ್ಮೂರಿನ ಜನರಲ್ಲಿ ಮ್ಯಾಸಬೇಡರು, ಕಾಡುಗೊಲ್ಲರು, ದಲಿತರೇ ಬಹುಪಾಲು. ಅವರ ಹಟ್ಟಿ, ಕೇರಿಗಳ ಹುಡುಗನಿಗೆ ಊಟ ಹಾಕುವ ಏಳು ಮನೆ ಪೇಟೆಯಲ್ಲಿ ಎಲ್ಲಿಂದ ಬರಬೇಕು? ಹಸಿದ ಹುಡುಗನಿಗೆ ಅನ್ನವಿಟ್ಟ ಔದಾರ್ಯ ದೊಡ್ಡದು, ನಿಜ. ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ ಅನ್ಯಾಯವೂ ಅಷ್ಟೇ ದೊಡ್ಡದು. ಹೆಣ್ಣುಮಕ್ಕಳಂತೂ ಈ ಏರ್ಪಾಡಿನ ಲೆಕ್ಕದಲ್ಲೇ ಇರಲಿಲ್ಲ.

ಆ ಅನ್ಯಾಯ ಸಡಿಲವಾದದ್ದು ಉಚಿತ ಹಾಸ್ಟೆಲುಗಳಿಂದ. ಚಿತ್ರದುರ್ಗ ಮುರುಘಾಮಠದ ಜಯದೇವ ಸ್ವಾಮಿಗಳು ಹಲವು ಊರುಗಳಲ್ಲಿ ವಿದ್ಯಾರ್ಥಿನಿಲಯ ತೆರೆಯಿಸಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಕುಳಿತು ಉಂಡರು. ಬೆಳಗೆರೆ ಕೃಷ್ಣಶಾಸ್ತ್ರಿಗಳು ಬೇರೊಂದು ದಾರಿ ಹಿಡಿದು, ಚಳ್ಳಕೆರೆ ತಾಲ್ಲೂಕಿನ ತಮ್ಮ ಹಳ್ಳಿಯಲ್ಲೇ ಶಾಲೆ ಕಟ್ಟಿದರು. ದೇವರಾಜ ಅರಸು ಸರ್ಕಾರ 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರು ಅವರ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗದ ಮಕ್ಕಳ ಹಾಸ್ಟೆಲುಗಳು ಹೆಚ್ಚಿದ್ದೂ ಅದೇ ಕಾಲದಲ್ಲಿ. ಊಟ ಕೇಳಿ ಪಡೆಯುವ ದಯೆಯಾಗಿದ್ದದ್ದು ಹೋಗಿ ಸರ್ಕಾರದ ಹೊಣೆಯಾಯಿತು. ವಾರಾನ್ನ ಸದ್ದಿಲ್ಲದೆ ಕಣ್ಮರೆಯಾಯಿತು.

ಹಾಸ್ಟೆಲಿನಲ್ಲಿ ಸೀಟು ಸಿಗದವರು ಇಂದು ಚಳ್ಳಕೆರೆಯಲ್ಲಿ ನಾಲ್ಕೈದು ಜನ ಸೇರಿ ರೂಮು ಹಿಡಿಯುತ್ತಾರೆ, ಇಲ್ಲವೇ ನೆಂಟರ ಮನೆಯಲ್ಲಿ ಉಳಿಯುತ್ತಾರೆ. ಹಿಟ್ಟು, ಕಾಳು, ಖಾರದಪುಡಿ ಊರಿನಿಂದ ಬಸ್ಸಿನಲ್ಲಿ ಬರುತ್ತವೆ. ಅಡುಗೆ ಸರದಿಯ ಮೇಲೆ ನಡೆಯುತ್ತದೆ.