ಮೂರು ದಿನದ ಶಿಬಿರದಿಂದ ಏನಾದೀತು?

ಪ್ರಶ್ನೆ: ಮಗಳು ಇಳಕಲ್‌ನಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಹೆಣ್ಣುಮಕ್ಕಳ ಕಿರು ಕಂಪ್ಯೂಟರ್ ಶಿಬಿರಗಳಿಂದ ನಿಜಕ್ಕೂ ಉಪಯೋಗವಿದೆಯೆ?

ಉತ್ತರ: ಇದೆ. ಅಂಥ ಶಿಬಿರದಲ್ಲಿ ಕಲಿಯುವುದು ಸ್ವಲ್ಪ, ಕಳೆಯುವುದು ಅಂಜಿಕೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಪದವಿಗೆ ಸೇರಿದವರಲ್ಲಿ ಹುಡುಗಿಯರು 1995ರಲ್ಲಿ ಶೇ 7ರಷ್ಟಿದ್ದರು. 2000ದಲ್ಲಿ ಶೇ 42ಕ್ಕೇರಿದರು. ಕೊರತೆಯಿದ್ದದ್ದು ಬುದ್ಧಿಯದಲ್ಲ, ಮುಂಚಿನ ಅಭ್ಯಾಸದ್ದು ಎಂದರಿತು ವಿಶ್ವವಿದ್ಯಾಲಯದವರು ಪ್ರವೇಶದ ನಿಯಮ ಬದಲಿಸಿದರು, ಶಾಲಾ ಶಿಕ್ಷಕರಿಗೆ ಬೇಸಿಗೆ ಕಮ್ಮಟ ನಡೆಸಿದರು. ನಮ್ಮಲ್ಲಿ ಕೇಂದ್ರ ಸರ್ಕಾರದ ‘ವಿಜ್ಞಾನ ಜ್ಯೋತಿ’ ಯೋಜನೆ 9ರಿಂದ 12ನೇ ತರಗತಿಯ ಹುಡುಗಿಯರಿಗಾಗಿಯೇ ಇದೆ.

ನಿಮ್ಮೂರಿನ ಮಗ್ಗವನ್ನೇ ನೋಡಿ: ಎಳೆ ಎತ್ತಬೇಕೋ, ಬಿಡಬೇಕೋ? ಕಂಪ್ಯೂಟರಿನ ಒಂದು–ಸೊನ್ನೆಯ ಲೆಕ್ಕವೂ ಅದೇ. ಮುಂದೆ ಓದಬೇಕೆಂದರೆ ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ದೂರದ ನೆವವೂ ಇಲ್ಲ. ಮಗಳನ್ನು ಶಿಬಿರಕ್ಕೆ ಕಳಿಸಿ. ಮುಂದಿನದನ್ನು ಅವಳೇ ನಿರ್ಧರಿಸಲಿ.