ಅರ್ಥಿಂಗ್ ಗುಂಡಿಗೂ ಬಾಯಾರಿಕೆ!

ಮಕ್ಕಳೇ, ಮನೆ ಕೊಳ್ಳಲು ಬಂದವರು ಗೋಡೆಯ ಬಣ್ಣ ನೋಡುತ್ತಾರೆ. ಹೊರಗಿನ ಅರ್ಥಿಂಗ್ ಗುಂಡಿಯನ್ನು ನೋಡುವವರು ಕಡಿಮೆ.

ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿನಲ್ಲಿ ಉದ್ದನೆಯ, ದಪ್ಪನೆಯ ಪಿನ್ನು ಒಂದಿದೆಯಲ್ಲವೇ? ಅದರ ತಂತಿ ಈ ಗುಂಡಿಗೆ ಸೇರುತ್ತದೆ. ಪೆಟ್ಟಿಗೆಯೊಳಗಿನ ತಂತಿ ಸವೆದು ಲೋಹದ ಮೈಗೆ ತಗುಲಿದರೆ ವಿದ್ಯುತ್ತು ಈ ದಾರಿಯಲ್ಲಿ ರಭಸದಿಂದ ನೆಲಕ್ಕೆ ಹರಿಯುತ್ತದೆ. ಫ್ಯೂಸ್ ಸುಟ್ಟು ಹೋಗುತ್ತದೆ, ಅಪಾಯ ತಪ್ಪುತ್ತದೆ.

ಗುಂಡಿಯಲ್ಲಿ ಕೊಳವೆಯ ಸುತ್ತ ಉಪ್ಪು, ಇದ್ದಿಲು ತುಂಬಿರುತ್ತಾರೆ. ಇವು ತೇವವನ್ನು ಹಿಡಿದಿಡುತ್ತವೆ. ತೇವದ ಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಕನಕಪುರದ ಕಡೆಯದು ಗ್ರಾನೈಟ್ ಬಂಡೆಯ ನೆಲ. ಒಣ ಬಂಡೆ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಮಣ್ಣೂ ಒಣಗಿದರೆ ಫ್ಯೂಸ್ ಹೋಗದಿರಬಹುದು. ಆಗ ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ನಿಮ್ಮ ಮನೆಯ ಗುಂಡಿ ಎಲ್ಲಿದೆ? ಕೇಳಿ ನೋಡಿ. ಬೇಸಿಗೆಯಲ್ಲಿ ದೊಡ್ಡವರಿಂದ ಆಗಾಗ ನೀರು ಹಾಕಿಸಿ. ತಂತಿ ತುಂಡಾಗಿದ್ದರೆ ಮುಟ್ಟಬೇಡಿ, ತಕ್ಷಣ ಹೇಳಿ.