ಸಂಭಾವನೆ ಮತ್ತು ಸ್ವಾಮ್ಯ

ಮಾನವನ ವ್ಯವಹಾರಗಳೆಲ್ಲವೂ ಕೊಟ್ಟ ಮಾತಿನ ಮೇಲೆ ನಿಂತಿವೆ. ಕಾರ್ಖಾನೆಗೆ ಕಬ್ಬನ್ನು ಕಳಿಸುವ ರೈತ, ಮಜೂರಿಗೆ ಸೀರೆ ನೇಯುವ ನೇಕಾರ, ಮನೆ ಕಟ್ಟುವ ಗೌಂಡಿ – ಇವರೆಲ್ಲರೂ ಒಂದು ಮಾತನ್ನು ನಂಬಿಯೇ ದುಡಿಯುತ್ತಾರೆ. ಇಂತಹ ಮಾತಿಗೆ ಕಾನೂನಿನ ಬಲ ದೊರೆತಾಗ ಅದನ್ನು ಕರಾರು ಎನ್ನುತ್ತೇವೆ. ನಮ್ಮ ದೇಶದಲ್ಲಿ 1872ರ ಭಾರತೀಯ ಕರಾರು ಅಧಿನಿಯಮವು ಇದಕ್ಕೆ ಆಧಾರವಾಗಿದೆ. ಒಪ್ಪಿಗೆಯು ಬಲವಂತವಿಲ್ಲದೆ, ಮೋಸವಿಲ್ಲದೆ ದೊರೆತಿರಬೇಕು. ಒಪ್ಪುವವರು ಅದಕ್ಕೆ ಅರ್ಹರಾಗಿರಬೇಕು. ಪ್ರತಿಫಲವೂ ಉದ್ದೇಶವೂ ನ್ಯಾಯಸಮ್ಮತವಾಗಿರಬೇಕು. ಇವು ಅದರ ಮುಖ್ಯ ನಿಯಮಗಳು.

ಇಂದು ಹೊಸದೊಂದು ವೃತ್ತಿ ಬೆಳೆದಿದೆ. ಯಾವ ಕಚೇರಿಯ ನೌಕರರೂ ಅಲ್ಲದ ತರುಣ ತರುಣಿಯರು ತಮ್ಮ ಊರಿನಲ್ಲಿಯೇ ಕುಳಿತು ವಿಡಿಯೊ, ಛಾಯಾಚಿತ್ರ, ಬರಹಗಳನ್ನು ಸಿದ್ಧಪಡಿಸುತ್ತಾರೆ. ತಮ್ಮ ಸರಕಿನ ಪ್ರಚಾರಕ್ಕಾಗಿ ಕಂಪನಿಗಳು ಇವರಿಗೆ ಹಣ ಕೊಡುತ್ತವೆ. ಇವರ ನಡುವಣ ಕರಾರು ಉಳಿದ ಕರಾರುಗಳಂತೆಯೇ ತೋರಿದರೂ ಅದರಲ್ಲಿ ಒಂದು ವಿಶೇಷವಿದೆ.

ರಬಕವಿ-ಬನಹಟ್ಟಿಯ ನೇಕಾರನು ಮಾಲೀಕನಿಂದ ನೂಲನ್ನು ಪಡೆದು ಸೀರೆಯನ್ನು ನೇಯ್ದು ಕೊಟ್ಟನೆನ್ನೋಣ. ಆ ಸೀರೆ ಮಾರಾಟವಾದಾಗ ಒಂದು ಮನೆಯನ್ನು ಮಾತ್ರ ಸೇರುತ್ತದೆ. ಮಜೂರಿ ಕೈಸೇರಿದರೆ ಲೆಕ್ಕ ಮುಗಿಯಿತು. ಹಾಡು, ಬರಹ, ಚಿತ್ರಗಳ ರೀತಿ ಬೇರೆ. ಒಮ್ಮೆ ಹಾಡಿದ ಹಾಡು ಸಾವಿರ ಸಲ ಮಾರಾಟವಾಗಬಲ್ಲುದು. ಹಾಡಿದವರು ಕಾಲವಾದ ಮೇಲೂ ಹಣವನ್ನು ಗಳಿಸಬಲ್ಲುದು. ಆದುದರಿಂದ ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ದುಡಿಮೆಗೆ ಎಷ್ಟು ಹಣ? ಕೃತಿ ಯಾರ ಸೊತ್ತು? ಮೊದಲನೆಯದು ಸಂಭಾವನೆ, ಎರಡನೆಯದು ಸ್ವಾಮ್ಯ.

ಈ ಎರಡರ ಅಂತರವನ್ನು ನಮ್ಮ ನಾಡಿನ ಕಲಾವಿದರ ಬಾಳಿನಲ್ಲಿಯೇ ಕಾಣಬಹುದು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ ಹಿಂದಿ ಚಲನಚಿತ್ರಗಳ ಹೆಸರಾಂತ ಗಾಯಕಿಯಾದರು. 1943ರ ‘ಕಿಸ್ಮತ್’ ಚಿತ್ರದಲ್ಲಿ ಅವರು ಹಾಡಿದ ಹಾಡುಗಳು ದೇಶದಲ್ಲೆಲ್ಲ ಮನೆಮಾತಾದುವು. ಹಾಡಿಗೆ ಇಷ್ಟೆಂದು ಹಣ ಕೊಟ್ಟು ಕೈತೊಳೆದುಕೊಳ್ಳುವುದು ಅಂದಿನ ಚಿತ್ರರಂಗದ ವಾಡಿಕೆಯಾಗಿತ್ತು. ಧ್ವನಿಮುದ್ರಿಕೆಗಳು ಎಷ್ಟು ಮಾರಾಟವಾದರೂ ಅದರಲ್ಲಿ ಗಾಯಕರಿಗೆ ಹಕ್ಕುಂಟೆಂದು ಕಾನೂನು ಹೇಳಿರಲಿಲ್ಲ. ಅಮೀರಬಾಯಿಯವರು 1965ರಲ್ಲಿ ಕಾಲವಾದರು. ಹಾಡುವವರ, ನಟಿಸುವವರ ಹಕ್ಕನ್ನು ಕಾನೂನು ಮನ್ನಿಸಿದುದು 1994ರ ತಿದ್ದುಪಡಿಯಲ್ಲಿ. ಅವರಿಗೆ ರಾಯಲ್ಟಿ ಸಲ್ಲಬೇಕೆಂದು ವಿಧಿಸಿದುದು 2012ರ ತಿದ್ದುಪಡಿಯಲ್ಲಿ. ಒಂದು ಹಕ್ಕು ಕಾನೂನಿನ ಪುಟವನ್ನು ಸೇರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಈಗ ಬೀಳಗಿ ತಾಲ್ಲೂಕಿನದೇ ಆದ, ಘಟಪ್ರಭಾ ನದಿಯ ದಂಡೆಯ ಅನಗವಾಡಿಯಲ್ಲಿ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳೋಣ. ಅವಳು ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯಗಳನ್ನು ಮಾಡುವ ಬಗೆಯನ್ನು ಚಿತ್ರೀಕರಿಸಿ ಜನರಿಗೆ ತೋರಿಸುತ್ತಾಳೆ. ಮಸಾಲೆ ಪುಡಿಯ ಕಂಪನಿಯೊಂದು ಐದು ಸಾವಿರ ರೂಪಾಯಿ ಕೊಟ್ಟು ತನಗಾಗಿ ಒಂದು ವಿಡಿಯೊ ಮಾಡಿಸಿಕೊಳ್ಳುತ್ತದೆ. ಎರಡು ವರ್ಷಗಳ ತರುವಾಯ ಅದೇ ವಿಡಿಯೊ ಬೇರೆ ರಾಜ್ಯಗಳ ದೂರದರ್ಶನ ವಾಹಿನಿಗಳಲ್ಲಿ ಜಾಹೀರಾತಾಗಿ ಮೆರೆಯುತ್ತದೆ. ಅವಳು ಮತ್ತೆ ಹಣ ಕೇಳಬಹುದೇ?

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಛಾಯಾಚಿತ್ರಕ್ಕೂ ಚಲನಚಿತ್ರಕ್ಕೂ ಹಣ ಕೊಟ್ಟವರೇ ಮೊದಲ ಒಡೆಯರು. ವಿಡಿಯೊ ಕೂಡ ಇದರಲ್ಲಿ ಸೇರುತ್ತದೆ. ಆದರೆ ಈ ನಿಯಮ ಅನ್ವಯಿಸುವುದು ‘ಬೇರೆ ಕರಾರು ಇಲ್ಲದಿದ್ದಲ್ಲಿ’ ಮಾತ್ರ. ತರುಣಿಯ ಭವಿಷ್ಯವು ಈ ಮೂರು ಪದಗಳಲ್ಲಿ ಅಡಗಿದೆ. ವಿಡಿಯೊವನ್ನು ಒಂದು ವರ್ಷ, ಇಂತಹ ಕಡೆ ಮಾತ್ರ ಬಳಸತಕ್ಕದ್ದು, ಸ್ವಾಮ್ಯ ನನ್ನದೇ ಎಂದು ಮೊದಲೇ ಬರೆಸಿಕೊಂಡಿದ್ದರೆ ಅವಳ ಹಕ್ಕು ಉಳಿಯುತ್ತಿತ್ತು. ಸ್ವತಂತ್ರವಾಗಿ ದುಡಿಯುವವರು ಬರೆದುಕೊಟ್ಟ ಬರಹದ ನಿಯಮ ಇದಕ್ಕಿಂತ ಭಿನ್ನ. ಅದರ ಸ್ವಾಮ್ಯ ಬರೆದವರದೇ. ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಲು ಸಹಿ ಮಾಡಿದ ಪತ್ರ ಬೇಕು. ಆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ತಿಳಿಯಬೇಕು.

ಬಾಯಿಮಾತಿನ ಕರಾರೂ ಕರಾರೇ. ಆದರೆ ವಿವಾದ ಎದ್ದಾಗ ಅದನ್ನು ರುಜುವಾತು ಮಾಡುವುದು ಕಷ್ಟ. ಆದುದರಿಂದ ಕೆಲಸ ಎಷ್ಟು, ತಿದ್ದುಪಡಿ ಎಷ್ಟು ಸಲ, ಹಣ ಯಾವ ದಿನ, ಬಳಕೆ ಎಲ್ಲಿ ಮತ್ತು ಎಲ್ಲಿಯವರೆಗೆ, ಬೇರೆ ಕಂಪನಿಗೆ ದುಡಿಯಬಹುದೇ, ಕೆಲಸ ನಡುವೆ ನಿಂತರೆ ಗತಿಯೇನು – ಇವನ್ನೆಲ್ಲ ಬರೆದಿಡಬೇಕು. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡವರಿಗೆ ಕರಾರಿನ ಅವಧಿ ಏನೇ ಇದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಅಧಿನಿಯಮವೊಂದು ವಿಧಿಸಿದೆ.

ದುಡಿಯುವವರಿಗೆ ಹಕ್ಕಿನೊಡನೆ ಹೊಣೆಯೂ ಉಂಟು. ಹಣ ಪಡೆದು ಹೊಗಳುವಾಗ ಆ ಸಂಗತಿಯನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಹೇಳುತ್ತವೆ. ತಪ್ಪುದಾರಿಗೆಳೆಯುವ ಜಾಹೀರಾತಿನಲ್ಲಿ ಪಾಲ್ಗೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ 10 ಲಕ್ಷ ರೂಪಾಯಿಗಳವರೆಗೆ ದಂಡ ಬೀಳಬಹುದು.

ಹದಿನೆಂಟು ವರ್ಷ ತುಂಬದವರು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 1903ರಲ್ಲಿ ಪ್ರಿವಿ ಕೌನ್ಸಿಲ್ ನೀಡಿದ ತೀರ್ಪು ಇಂದಿಗೂ ಮಾನ್ಯವಾಗಿದೆ. ಎಳೆಯರನ್ನು ವಂಚಕರಿಂದ ಕಾಪಾಡುವುದೇ ಇದರ ಉದ್ದೇಶ. ಆದುದರಿಂದ ನಿಮ್ಮಲ್ಲಿ ಯಾರಿಗಾದರೂ ಇಂತಹ ಕರೆ ಬಂದರೆ ಅದನ್ನು ಮೊದಲು ತಂದೆತಾಯಿಗಳ ಮುಂದೆ ಇಡಬೇಕು.

ಕರಾರು ಕೇಳಿದರೆ ಕಂಪನಿ ಕೈಬಿಟ್ಟೀತೆಂಬ ಅಂಜಿಕೆ ಅನೇಕರಿಗೆ ಇರುತ್ತದೆ. ಆದರೆ ಪತ್ರವನ್ನು ಕೇಳುವುದು ಅಪನಂಬಿಕೆಯಲ್ಲ, ಅವಿನಯವೂ ಅಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಮಾತನ್ನು ಆಡುವುದರ ಜೊತೆಗೆ ಅದನ್ನು ಬರೆದಿಡಲು ಬಲ್ಲವನ ದುಡಿಮೆಗೆ ಸಂಭಾವನೆಯೂ ದೊರೆಯುತ್ತದೆ, ಕೃತಿಯ ಮೇಲಣ ಹಕ್ಕೂ ಉಳಿಯುತ್ತದೆ.